ಹೆಜ್ಜಾರ್ಲೆ ರೋಡಿಗೆ ಬಿದ್ದರೆ ಏನ್ ಮಾಡ್ಬೇಕು? ಅಂಗಡಿಯವರು, ಸವಾರರು ತಿಳಿದಿರಬೇಕಾದ್ದು

ಮದ್ದೂರು: ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಪ್ರತಿ ವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋಕೆ ಬರ್ತವೆ. ಊರೊಳಗಿನ ಹುಣಸೆ, ಅರಳಿ ಮರಗಳೇ ಅವಕ್ಕೆ ಮನೆ. ಬೇಸಿಗೆವರೆಗೂ ಮೀನು ಹುಡುಕಿಕೊಂಡು ಶಿಂಷಾ ನದಿ, ಸುತ್ತಲಿನ ಕೆರೆಗಳ ಕಡೆ ಹಾರಾಟ ಇದ್ದೇ ಇರುತ್ತದೆ. ಮಧ್ಯೆ ಕರೆಂಟ್ ವೈರುಗಳು. ತಗುಲಿದ ಹಕ್ಕಿ ಗದ್ದೆಗೂ ಬೀಳಬಹುದು, ಪೇಟೆ ಬೀದಿಗೂ ಬೀಳಬಹುದು.

ಹೆಜ್ಜಾರ್ಲೆ ಅಂದ್ರೆ ಗುಬ್ಬಿಯಲ್ಲ. ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ, ತೂಕ 4ರಿಂದ 6 ಕೆಜಿ. ರೆಕ್ಕೆ ಮುರಿದಿದ್ದರೆ ಏಳೋಕೆ ಆಗಲ್ಲ, ರೋಡ್ ಮಧ್ಯೆಯೇ ಹೊರಳಾಡುತ್ತದೆ. ಎರಡು ಬೈಕ್ ನಿಲ್ತವೆ, ಹಿಂದೆ ಬಸ್ಸು, ಆಮೇಲೆ ಎಲ್ಲರ ಮೊಬೈಲು. ಜಾಮ್ ಆಗೋದು ಹಕ್ಕಿಯಿಂದಲ್ಲ, ನೋಡೋಕೆ ನಿಂತವರಿಂದ.

ಮೊದಲ ಕೆಲಸ ಒಂದು ಗಾಡಿಯನ್ನು ಪಾರ್ಕಿಂಗ್ ಲೈಟ್ ಹಾಕಿ ಹಕ್ಕಿಯ ಹಿಂದೆ ದೂರದಲ್ಲಿ ನಿಲ್ಲಿಸಿ, ಇನ್ನೊಂದು ಬದಿಯಿಂದ ವಾಹನ ಬಿಡೋದು. ಹಾರನ್ ಬೇಡ. ಜನರನ್ನು ಹತ್ತು ಹದಿನೈದು ಅಡಿ ಹಿಂದಕ್ಕೆ ಕಳಿಸಿ. ಟ್ರಾಫಿಕ್ ಕೈ ಮೀರಿದರೆ 112, ಅರಣ್ಯ ಇಲಾಖೆ ಸಹಾಯವಾಣಿ 1926. ಹಕ್ಕಿ ಇನ್ನೂ ವೈರಿನಲ್ಲಿ ಸಿಕ್ಕಿಕೊಂಡಿದ್ದರೆ ಕೋಲು ಹಿಡಿದು ಹೋಗಲೇಬೇಡಿ, ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ.

ಇಲಾಖೆಯವರು ಬರೋದು ತಡವಾದರೆ ಹಕ್ಕಿಯನ್ನು ರೋಡಿಂದ ಎತ್ತಲೇಬೇಕಾಗುತ್ತದೆ. ಹಿಂದಿನಿಂದ ಹೋಗಿ ದಪ್ಪ ಟವೆಲ್ಲೋ ಗೋಣಿಚೀಲವೋ ತಲೆ, ರೆಕ್ಕೆ ಮುಚ್ಚುವಂತೆ ಹೊದಿಸಿ. ಕತ್ತಲಾದರೆ ಹಕ್ಕಿ ತಣ್ಣಗಾಗುತ್ತದೆ. ಕೊಕ್ಕು ಮುಖದಿಂದ ದೂರ ಇರಲಿ. ಆದರೆ ಹೆಜ್ಜಾರ್ಲೆಯ ಕೊಕ್ಕಿಗೆ ದಾರ ಕಟ್ಟಬೇಡಿ: ಅದು ಉಸಿರಾಡೋದೇ ಬಾಯಿಂದ, ಪೂರ್ತಿ ಮುಚ್ಚಿದರೆ ಉಸಿರುಗಟ್ಟುತ್ತದೆ. ಹದ್ದು, ಗೂಬೆ ಆದರೆ ಕೊಕ್ಕಿಗಿಂತ ಕಾಲಿನ ಉಗುರಿಗೆ ಹುಷಾರು.

ಇಡೋಕೆ ಅಂಗಡಿಯ ರಟ್ಟಿನ ಡಬ್ಬಕ್ಕಿಂತ ಒಳ್ಳೇದಿಲ್ಲ. ಹೆಜ್ಜಾರ್ಲೆಗೆ ಫ್ರಿಡ್ಜ್ ಬಂದ ಡಬ್ಬವೇ ಬೇಕು. ನಾಲ್ಕಾರು ತೂತು ಮಾಡಿ ನೆರಳಲ್ಲಿಡಿ. ಕಬ್ಬಿಣದ ಪಂಜರದಲ್ಲಿ ಗರಿ ಕಿತ್ತುಹೋಗುತ್ತದೆ.

ಬಹಳ ಜನ ಪಾಪ ಅಂತ ಬಾಟಲಿಯಿಂದ ಬಾಯಿಗೆ ನೀರು ಸುರಿಯುತ್ತಾರೆ. ದೊಡ್ಡ ತಪ್ಪು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರೋದರಿಂದ ನೀರು ಸೀದಾ ಒಳಗೆ ಹೋಗಿ, ಗಾಯದಿಂದ ಉಳಿಯಬೇಕಾದ ಹಕ್ಕಿ ನೀರಿಂದ ಸಾಯಬಹುದು. ಮೀನು ತುರುಕೋದೂ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮುಟ್ಟಿದರೆ ಕೇಸ್ ಆಗುತ್ತೆ ಅಂತ ಹೆದರಿ ಶಟರ್ ಎಳೆಯುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯೋದು ಬೇಟೆಯನ್ನ, ಅಕ್ರಮವಾಗಿ ಸಾಕೋದನ್ನ. ಕೈಗೆ ಬಂದ ಕಾಡುಹಕ್ಕಿ ವಿಷಯ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು, ಅಷ್ಟೇ. ವಾಸಿ ಆಗಲಿ ಅಂತ ಮನೆಯಲ್ಲೇ ಇಟ್ಟುಕೊಂಡರೆ ತೊಂದರೆ. ನವಿಲಾದರಂತೂ ಮೊದಲನೇ ಪಟ್ಟಿಯ ಹಕ್ಕಿ, ಅದನ್ನು ಹಿಡಿದು ಕೊಂದವರಿಗೆ ಕನಿಷ್ಠ 3 ವರ್ಷ ಜೈಲು.

ಕೊಕ್ಕರೆ ಬೆಳ್ಳೂರಿನವರಿಗೆ ಇದೆಲ್ಲ ಹೊಸದಲ್ಲ. ಗೂಡಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ಹಾಕಿ ಬೆಳೆಸಿ ಹಾರಲು ಬಿಟ್ಟ ಊರು ಅದು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೂ ಆಯಿತು. ಪೇಟೆಯಲ್ಲಿ ಬೇಲಿ ಬೇಕಿಲ್ಲ. ಒಂದು ಖಾಲಿ ಡಬ್ಬ, ಹಳೇ ಟವೆಲ್, ಶಟರ್ ಒಳಗೆ 1926 ಅಂತ ಬರೆದ ಚೀಟಿ ಇದ್ದರೆ ಸಾಕು.