ಭದ್ರತೆಯ ಬೆಲೆಗೆ ಹೋದ ನಮ್ಮ ಆದೋನಿ



ಆದೋನಿಯಿಂದ ರಾಯಚೂರಿಗೆ ಹೋಗುವಾಗ ತುಂಗಭದ್ರೆಯ ಸೇತುವೆ ದಾಟಿದರೆ ಕರ್ನಾಟಕ ಬಂತು ಎನ್ನುತ್ತೇವೆ. ಆದರೂ ಹೆಣ್ಣು ಕೊಡುವುದು, ತರುವುದು, ಹಬ್ಬಕ್ಕೆ ಹೋಗಿ ಬರುವುದು ಎಲ್ಲವೂ ಹೊಳೆಯ ಎರಡೂ ದಡಗಳ ನಡುವೆ ನಡೆದೇ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಬೀದಿಯಲ್ಲಿ ತೆಲುಗು. ಈ ಗಡಿ ಯಾವಾಗ ಬಂತು ಎಂದು ಕೇಳಿದರೆ ಹಿರಿಯರು 1953 ಎನ್ನುತ್ತಾರೆ. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ನಿಜ. ಆದರೆ ಹೊಳೆಯ ಆಚೆ ಒಂದು ಸರ್ಕಾರ, ಈಚೆ ಇನ್ನೊಂದು ಸರ್ಕಾರ ಎಂಬುದು ಅದಕ್ಕೂ 153 ವರ್ಷ ಹಿಂದೆ, 1800ರ ಅಕ್ಟೋಬರ್ 12ರಂದು ಒಂದು ಕಾಗದದಲ್ಲಿ ಗಟ್ಟಿಯಾಯಿತು. ಅದು ಭಾಷೆಯ ವಿಷಯಕ್ಕೆ ಬರೆದ ಕಾಗದವಲ್ಲ. ಒಬ್ಬ ಅರಸ ತನ್ನ ಕಾವಲಿಗೆ ತರಿಸಿಕೊಂಡ ಸೈನ್ಯದ ಖರ್ಚಿಗೆ ನಮ್ಮ ಊರನ್ನು ಬರೆದುಕೊಟ್ಟ ಕಾಗದ.

ಈಗ ಟಿವಿ ಚರ್ಚೆಗಳಲ್ಲಿ ‘ಮಧ್ಯಮ ಶಕ್ತಿಗಳು’ ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ತೀರಾ ಸಣ್ಣ ದೇಶವೂ ಅಲ್ಲ, ತಾನೇ ಎಲ್ಲವನ್ನೂ ನಿಭಾಯಿಸುವಷ್ಟು ದೊಡ್ಡದೂ ಅಲ್ಲ. ಸುತ್ತಲಿನ ಬಲವಂತರು ಜಗಳಕ್ಕೆ ನಿಂತಾಗ ಯಾರ ಕಡೆ ವಾಲಬೇಕು, ಎಷ್ಟು ವಾಲಬೇಕು ಎಂಬುದೇ ಅವುಗಳ ನಿತ್ಯದ ತಲೆನೋವು. ಈ ತಲೆನೋವನ್ನು ಅರ್ಥಮಾಡಿಕೊಳ್ಳಲು ದೂರದ ದೇಶಕ್ಕೆ ಹೋಗಬೇಕಿಲ್ಲ, ನಮ್ಮ ಕೋಟೆಯ ಬೆಟ್ಟಗಳ ಕಡೆ ನೋಡಿದರೆ ಸಾಕು.

ಆದವಾನಿ ಎಂದೂ ಕರೆಯುತ್ತಿದ್ದ ಈ ಕೋಟೆ ವಿಜಯನಗರದವರ ಗಟ್ಟಿ ನೆಲೆಗಳಲ್ಲಿ ಒಂದು. ತಾಳಿಕೋಟೆ ಯುದ್ಧದ ನಂತರ ಬಿಜಾಪುರದವರ ಕೈಗೆ ಬಂತು. ಅವರ ಸರದಾರ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಇಂದೂ ಊರಿನ ನಡುವೆ ನಿಂತಿದೆ. 1688ರಲ್ಲಿ ಔರಂಗಜೇಬನ ಸೇನಾನಿ ಫಿರೋಜ್ ಜಂಗ್ ಕೋಟೆಯನ್ನು ಗೆದ್ದ. ಅವನ ಮಗನೇ ಮುಂದೆ ಹೈದರಾಬಾದಿನ ಮೊದಲ ನಿಜಾಮನಾದ. ಅಂದರೆ ನಿಜಾಮರ ಮನೆತನಕ್ಕೂ ಆದೋನಿಗೂ ನಂಟು ಹೈದರಾಬಾದ್ ರಾಜ್ಯಕ್ಕಿಂತ ಹಳೆಯದು.

ನಾವು ಹೇಳಹೊರಟ ಕಥೆ ಎರಡನೆಯ ಆಸಫ್ ಜಾ ನಿಜಾಮ್ ಅಲಿ ಖಾನ್‌ನದು. 1762ರಿಂದ 1803ರವರೆಗೆ ಆಳಿದವನು. ಪಶ್ಚಿಮಕ್ಕೆ ಪುಣೆಯ ಮರಾಠರು, ದಕ್ಷಿಣಕ್ಕೆ ಮೈಸೂರಿನ ಹೈದರ್ ಅಲಿ, ಆಮೇಲೆ ಟಿಪ್ಪು, ಪೂರ್ವದ ಕರಾವಳಿಯಲ್ಲಿ ಇಂಗ್ಲಿಷ್ ಕಂಪನಿ. ವಿಜ್ಞಾನ ಓದಿದವರಿಗೆ ಗೊತ್ತಿರುತ್ತದೆ: ಎರಡು ಕಾಯಗಳು ಒಂದನ್ನೊಂದು ಸೆಳೆಯುವಾಗ ಅವುಗಳ ದಾರಿಯನ್ನು ಲೆಕ್ಕ ಹಾಕಬಹುದು, ಮೂರನೆಯದು ಬಂದು ಸೇರಿದರೆ ಲೆಕ್ಕವೇ ಕೈತಪ್ಪುತ್ತದೆ. ನಿಜಾಮನ ಸುತ್ತ ಇದ್ದದ್ದು ಮೂರು.

ಆದೋನಿಯಲ್ಲಿ ಇದ್ದವನು ನಿಜಾಮನ ತಮ್ಮ ಬಸಾಲತ್ ಜಂಗ್. ಆದೋನಿ, ರಾಯಚೂರು, ದೂರದ ಗುಂಟೂರು ಅವನ ಜಾಗೀರು. ಹೊಳೆಯ ಎರಡೂ ದಡ ಅವನದೇ ಆಗಿತ್ತು ಎಂಬುದನ್ನು ಗಮನಿಸಿ. ಅಣ್ಣನ ಮೇಲೆ ಅವನಿಗೆ ಪೂರ್ತಿ ನಂಬಿಕೆ ಇರಲಿಲ್ಲ, ಹೈದರ್ ಅಲಿಯ ಭಯವಂತೂ ಇದ್ದೇ ಇತ್ತು. ಹಾಗಾಗಿ ಲಾಲಿ ಎಂಬ ಫ್ರೆಂಚ್ ಅಧಿಕಾರಿಯ ಪಡೆಯನ್ನು ಸಂಬಳ ಕೊಟ್ಟು ಇಟ್ಟುಕೊಂಡ. 1775ರ ಹೊತ್ತಿಗೆ ಆ ಪಡೆ ಬಳ್ಳಾರಿಯನ್ನು ಮುತ್ತಿದಾಗ ಹೈದರ್ ಶ್ರೀರಂಗಪಟ್ಟಣದಿಂದ ಮಿಂಚಿನಂತೆ ಬಂದು ಎರಗಿದ. ಲಾಲಿಯ ಪಡೆ ಚದುರಿತು, ಬಳ್ಳಾರಿ ಹೈದರನ ಪಾಲಾಯಿತು.

1779ರಲ್ಲಿ ಬಸಾಲತ್ ಜಂಗ್ ಇನ್ನೊಂದು ಆಟ ಹೂಡಿದ. ಮದ್ರಾಸಿನ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡ. ಫ್ರೆಂಚರನ್ನು ಕಳಿಸಿಬಿಡುವುದು, ಗುಂಟೂರನ್ನು ಕಂಪನಿಗೆ ಗುತ್ತಿಗೆ ಕೊಡುವುದು, ಬದಲಿಗೆ ಕಂಪನಿಯ ಸಿಪಾಯಿಗಳು ಆದೋನಿಗೆ ಬಂದು ಕಾಯುವುದು. ಕಾಗದದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಕರಾವಳಿಯಿಂದ ಆದೋನಿಗೆ ಬರುವ ದಾರಿ ಹೈದರನ ವಶದಲ್ಲಿದ್ದ ಕಡಪ ಸೀಮೆಯ ಮೂಲಕ ಹಾದುಹೋಗುತ್ತಿತ್ತು. ಕರ್ನಲ್ ಹಾರ್ಪರ್‌ನ ಸೇನೆ ಹೊರಟಿತು, ಕಣಿವೆಗಳಲ್ಲಿ ಹೈದರನ ಜನ ತಡೆದರು, ಸೇನೆ ಹಿಂತಿರುಗಿತು. ಅಲ್ಲಿಗೆ ಹೈದರ್ ಕೆರಳಿದ, ತನ್ನನ್ನು ಕೇಳದೆ ಒಪ್ಪಂದ ಮಾಡಿದ್ದಕ್ಕೆ ಅಣ್ಣ ನಿಜಾಮನೂ ಕೆರಳಿದ, ಫ್ರೆಂಚ್ ಪಡೆಯೂ ಕೈಬಿಟ್ಟುಹೋಯಿತು. ಮುಂದಿನ ವರ್ಷ ಹೈದರ್ ಇಂಗ್ಲಿಷರ ಮೇಲೆ ದೊಡ್ಡ ಯುದ್ಧ ಸಾರಲು ಇದ್ದ ಕಾರಣಗಳಲ್ಲಿ ಈ ಗುಂಟೂರಿನ ವಿಷಯವೂ ಒಂದು. ಸಹಾಯಕ್ಕೆ ಬರುತ್ತೇನೆಂದವನು ನಮ್ಮ ಬಾಗಿಲಿಗೆ ಬಂದು ಮುಟ್ಟಬಲ್ಲನೇ ಎಂಬ ಸಣ್ಣ ಪ್ರಶ್ನೆಯನ್ನು ಯಾರೂ ಮೊದಲು ಕೇಳಿಕೊಂಡಂತೆ ಕಾಣುವುದಿಲ್ಲ.

ಬಸಾಲತ್ ಜಂಗ್ 1782ರಲ್ಲಿ ತೀರಿಕೊಂಡ. ಮಗ ಮಹಾಬತ್ ಜಂಗ್ ಕೋಟೆಯಲ್ಲಿದ್ದಾಗ, 1786ರಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದ. ಒಳಗೆ ನಿಜಾಮನ ಮನೆತನದ ಹೆಂಗಸರು, ಮಕ್ಕಳು ಇದ್ದರು. ಹೈದರಾಬಾದಿನಿಂದ ನಿಜಾಮನ ಇನ್ನೊಬ್ಬ ತಮ್ಮ ಮೊಘಲ್ ಅಲಿ ಸೇನೆ ತಂದ, ಹರಿಪಂತ ಫಡಕೆಯ ಮರಾಠಾ ಸೇನೆಯೂ ಕೂಡಿಕೊಂಡಿತು, ಟಿಪ್ಪು ಮುತ್ತಿಗೆ ತೆಗೆದು ಪಕ್ಕಕ್ಕೆ ಸರಿದ. ಕೋಟೆ ಉಳಿಯಿತೇ? ಉಳಿಯಲಿಲ್ಲ. ಮಳೆಗಾಲ ಶುರುವಾಗಿತ್ತು. ತುಂಗಭದ್ರೆ ತುಂಬಿದರೆ ಹಿಂದಿರುಗುವ ದಾರಿಯೇ ಇಲ್ಲ, ಇಷ್ಟು ದೊಡ್ಡ ಸೇನೆಗೆ ಇಲ್ಲಿ ದವಸವೂ ಸಿಗದು. ಬಂದವರು ಅರಮನೆಯ ಹೆಂಗಸರನ್ನೂ ಮಹಾಬತ್ ಜಂಗನನ್ನೂ ಕರೆದುಕೊಂಡು ಹೊಳೆ ದಾಟಿ ಹೋದರು. ಟಿಪ್ಪು ಬರಿದಾದ ಕೋಟೆಗೆ ಬಂದು ಫಿರಂಗಿ, ಸಾಮಾನು ಸಾಗಿಸಿ ಗೋಡೆಗಳನ್ನು ಕೆಡವಿಸಿದ. ಬೆಟ್ಟ ಹತ್ತಿದಾಗ ಅಲ್ಲಲ್ಲಿ ಕುಸಿದ ಕಲ್ಲುಗಳನ್ನು ನೋಡಿ ಕಾಲವೇ ಕೆಡವಿತು ಅಂದುಕೊಳ್ಳುತ್ತೇವಲ್ಲ, ಅದರಲ್ಲಿ ಆ ಮಳೆಗಾಲದ ಪಾಲೂ ಇದೆ. ಅರಮನೆಯವರಿಗೆ ದೋಣಿ ಸಿಕ್ಕಿತು. ಪೇಟೆಯ ಜನರ ಪಾಡು ಏನಾಯಿತು ಎಂದು ಯುದ್ಧದ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ. ಮರುವರ್ಷ ಗಜೇಂದ್ರಗಡದ ಒಪ್ಪಂದದಲ್ಲಿ ಆದೋನಿ ಮತ್ತೆ ಮಹಾಬತ್ ಜಂಗನಿಗೆ ಬಂತು, ಒಡೆದ ಗೋಡೆಗಳ ಸಮೇತ.

ನಿಜಾಮ ಇದರಿಂದ ಏನು ಕಲಿತ? ಒಬ್ಬನೇ ಇದ್ದರೆ ಆಗದು ಎಂಬುದನ್ನು. 1790ರಲ್ಲಿ ಇಂಗ್ಲಿಷರು, ಮರಾಠರ ಜೊತೆ ಸೇರಿ ಟಿಪ್ಪುವಿನ ಮೇಲೆ ಹೋದ, 1792ರಲ್ಲಿ ಪಾಲು ಪಡೆದ. ಆದರೆ 1795ರಲ್ಲಿ ಮರಾಠರು ಖರ್ಡಾದಲ್ಲಿ ಅವನನ್ನು ಸೋಲಿಸಿದಾಗ ಇಂಗ್ಲಿಷ್ ಗವರ್ನರ್ ಜನರಲ್ ಜಾನ್ ಶೋರ್ ಪಕ್ಕಕ್ಕೆ ನಿಂತು ನೋಡಿದ. ನಿಜಾಮನ ದಿವಾನನನ್ನು ಮರಾಠರು ಒತ್ತೆಯಾಳಾಗಿ ಪುಣೆಗೆ ಒಯ್ದರು. ಆಗ ನಿಜಾಮ ರೇಮಂಡ್ ಎಂಬ ಫ್ರೆಂಚನ ಕೈಕೆಳಗೆ ದೊಡ್ಡ ಪಡೆ ಬೆಳೆಸಿದ, ಹತ್ತು ಸಾವಿರಕ್ಕೂ ಮೀರಿದ ಸಿಪಾಯಿಗಳು. ಇದು ಇಂಗ್ಲಿಷರಿಗೆ ಹಿಡಿಸಲಿಲ್ಲ. 1798ರ ಮಾರ್ಚ್‌ನಲ್ಲಿ ರೇಮಂಡ್ ತೀರಿಕೊಂಡ. ಸೆಪ್ಟೆಂಬರ್‌ನಲ್ಲಿ ಹೊಸ ಒಪ್ಪಂದ: ಫ್ರೆಂಚರನ್ನು ಕಳಿಸಬೇಕು, ಆರು ಸಾವಿರ ಕಂಪನಿ ಸಿಪಾಯಿಗಳನ್ನು ಇಟ್ಟುಕೊಂಡು ವರ್ಷಕ್ಕೆ 24 ಲಕ್ಷ ರೂಪಾಯಿಗೂ ಹೆಚ್ಚು ಕೊಡಬೇಕು. ಅಕ್ಟೋಬರ್‌ನಲ್ಲಿ ಆ ಫ್ರೆಂಚ್ ಪಡೆಯನ್ನು ಸುತ್ತುವರಿದು ಯುದ್ಧವಿಲ್ಲದೆ ಬರಖಾಸ್ತು ಮಾಡಿದರು. ಈಗ ನಿಜಾಮನ ರಾಜಧಾನಿಯಲ್ಲಿದ್ದ ಅತಿ ಬಲವಾದ ಸೈನ್ಯ ನಿಜಾಮನದಾಗಿರಲಿಲ್ಲ.

1799ರಲ್ಲಿ ಟಿಪ್ಪು ಬಿದ್ದ. ನಿಜಾಮನಿಗೆ ಮತ್ತೆ ಪಾಲು ಸಿಕ್ಕಿತು. ಆದರೆ 1800ರ ಅಕ್ಟೋಬರ್‌ನಲ್ಲಿ ಇನ್ನೊಂದು ಒಪ್ಪಂದ. ಕಂಪನಿಯ ಸೈನ್ಯ ಎಂಟು ಸಾವಿರ ಬಂದೂಕುಧಾರಿಗಳಿಗೆ, ಸಾವಿರ ಕುದುರೆ ಸವಾರರಿಗೆ ಏರಿತು. ಖರ್ಚಿಗೆ ನಗದಿನ ಬದಲು ಶಾಶ್ವತವಾಗಿ ಸೀಮೆ. 1792 ಮತ್ತು 1799ರಲ್ಲಿ ಮೈಸೂರಿನಿಂದ ಸಿಕ್ಕಿದ ನೆಲವನ್ನು ನಿಜಾಮ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಇಲ್ಲಿ ಒಂದು ಸಣ್ಣ ಅದಲುಬದಲು ನಡೆಯಿತು. ಗಡಿ ನೇರವಾಗಿರಲಿ ಎಂದು ಹೊಳೆಯ ಆಚೆಗಿದ್ದ ಕೊಪ್ಪಳ, ಗಜೇಂದ್ರಗಡ ಮುಂತಾದವನ್ನು ನಿಜಾಮನೇ ಉಳಿಸಿಕೊಂಡು, ಅವುಗಳ ಬದಲಿಗೆ ಹೊಳೆಯ ಈಚೆಗಿನ ಆದೋನಿಯನ್ನು ಕಂಪನಿಗೆ ಕೊಟ್ಟ. ಮೈಸೂರಿನಿಂದ ಗೆದ್ದ ನೆಲವಲ್ಲ ನಮ್ಮದು, ಮನೆತನದ ಹಳೆಯ ಸ್ವತ್ತು. ನಕ್ಷೆಯಲ್ಲಿ ಗೆರೆ ಅಂದವಾಗಿ ಕಾಣಲಿ ಎಂಬ ಕಾರಣಕ್ಕೆ ಅದೂ ಹೋಯಿತು. ಕೊಪ್ಪಳ, ರಾಯಚೂರು ಹೈದರಾಬಾದಿನಲ್ಲಿ ಉಳಿದವು. ಆದೋನಿ, ಬಳ್ಳಾರಿ ಮದ್ರಾಸಿಗೆ ಸೇರಿದವು. ‘ದತ್ತ ಮಂಡಲ’, ಅಂದರೆ ಕೊಟ್ಟುಬಿಟ್ಟ ಜಿಲ್ಲೆಗಳು ಎಂಬ ಹೆಸರು ಈ ಸೀಮೆಗೆ ಅಂಟಿತು. ಅದನ್ನು ಕಳಚಿ ರಾಯಲಸೀಮೆ ಎಂದು ಕರೆದುಕೊಳ್ಳಲು 1928ರವರೆಗೆ ಕಾಯಬೇಕಾಯಿತು.

ಅದೇ ಕಾಗದದಲ್ಲಿ ಇನ್ನೂ ಒಂದು ಷರತ್ತಿತ್ತು. ಕಂಪನಿಗೆ ತಿಳಿಸದೆ ನಿಜಾಮ ಬೇರೆ ಯಾವ ರಾಜ್ಯದ ಜೊತೆಗೂ ಮಾತುಕತೆ ನಡೆಸುವಂತಿಲ್ಲ. ನಮ್ಮ ಲೆಕ್ಕದಲ್ಲಿ ಆದೋನಿಯನ್ನು ಕಳೆದುಕೊಂಡದ್ದಕ್ಕಿಂತ ಇದು ದೊಡ್ಡ ನಷ್ಟ.

ಬೈಬಲ್ ಓದುವ ನಮಗೆ ಇದು ಎಲ್ಲೋ ಕೇಳಿದ ಕಥೆಯಂತೆ ಅನ್ನಿಸಬೇಕು. ಅರಸರ ಎರಡನೆಯ ಗ್ರಂಥದ 16ನೇ ಅಧ್ಯಾಯದಲ್ಲಿ ಯೆಹೂದದ ಅರಸ ಆಹಾಜ ನೆರೆಯ ಇಬ್ಬರು ಅರಸರಿಗೆ ಹೆದರಿ, ದೇವಾಲಯದ ಬೆಳ್ಳಿಬಂಗಾರವನ್ನು ಅಸ್ಸೀರಿಯದ ದೊರೆಗೆ ಕಳಿಸುತ್ತಾನೆ. ಅಸ್ಸೀರಿಯದವನು ಬಂದು ನೆರೆಯವರನ್ನು ಸದೆಬಡಿದದ್ದು ನಿಜವೇ. ಆಮೇಲೆ ಯೆಹೂದದ ಬಾಗಿಲಿಗೇ ಅಸ್ಸೀರಿಯದ ಸೈನ್ಯ ಬಂದು ನಿಲ್ಲುವ ಕಥೆ ಅದೇ ಗ್ರಂಥದಲ್ಲಿ ಎರಡು ಅಧ್ಯಾಯ ಮುಂದೆ ಇದೆ.

ನಿಜಾಮ ಮೂರ್ಖನಾಗಿದ್ದ ಎಂದು ಬರೆದುಬಿಡುವುದು ಸುಲಭ, ಆದರೆ ನಾವು ಒಪ್ಪುವುದಿಲ್ಲ. ಟಿಪ್ಪು ಎದುರು ನಿಂತು 1799ರಲ್ಲಿ ಸತ್ತ. ಪೇಶ್ವೆಯ ರಾಜ್ಯ 1818ಕ್ಕೆ ಮುಗಿಯಿತು. ನಿಜಾಮನ ಗಾದಿ 1948ರವರೆಗೆ ಉಳಿಯಿತು. ಗಾದಿ ಉಳಿಸಿಕೊಳ್ಳುವುದಷ್ಟೇ ಭದ್ರತೆ ಎಂದಾದರೆ ಅವನೇ ಜಾಣ. ಆದರೆ ಆ ಸೈನ್ಯಕ್ಕೆ ಅಪ್ಪಣೆ ಕೊಡುವವರು ಇಂಗ್ಲಿಷ್ ಅಧಿಕಾರಿಗಳು. 1803ರಲ್ಲಿ ಅದು ಮರಾಠರ ಮೇಲೆ ಕಂಪನಿಯ ಯುದ್ಧಕ್ಕೆ ಹೊರಟಿತು. ಇಷ್ಟು ಸಾಲದೆಂಬಂತೆ ‘ಹೈದರಾಬಾದ್ ಕಂಟಿಂಜೆಂಟ್’ ಎಂಬ ಇನ್ನೊಂದು ಪಡೆಯ ಖರ್ಚೂ ನಿಜಾಮರ ತಲೆಗೆ ಬಂತು. ಅದರ ಸಾಲ ಬೆಳೆದು 1853ರಲ್ಲಿ ಹತ್ತಿ ಬೆಳೆಯುವ ಬೇರಾರ್ ಕೂಡ ಕೈಬಿಟ್ಟಿತು. 1947ರಲ್ಲಿ ಇಂಗ್ಲಿಷರು ಹೊರಟರು. ಒಂದೂವರೆ ಶತಮಾನ ಬೇರೆಯವರ ಕಾವಲಿನಲ್ಲಿ ಬದುಕಿದ ರಾಜ್ಯದ ಸೈನ್ಯ 1948ರ ಸೆಪ್ಟೆಂಬರ್‌ನಲ್ಲಿ ಭಾರತ ಸೇನೆಯ ಎದುರು ಐದು ದಿನವೂ ಸರಿಯಾಗಿ ನಿಲ್ಲಲಿಲ್ಲ.

ಇತ್ತ ನಮ್ಮ ಸೀಮೆಗೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇದ್ದ. ಜನ ಹೊಸ ದೊರೆತನವನ್ನು ಸುಮ್ಮನೆ ಒಪ್ಪಲಿಲ್ಲ. 1801ರಲ್ಲಿ ತೆರ್ನೇಕಲ್ಲು ಗ್ರಾಮ ಕಂದಾಯದ ವಿಷಯಕ್ಕೆ ತಿರುಗಿಬಿತ್ತು. ಕಂಪನಿ ಸೇನೆ ಬಂದು ಹಳ್ಳಿಯನ್ನು ಹಿಡಿದು ಮುಖಂಡ ಮುತ್ತುಕೂರು ಗೌಡಪ್ಪನನ್ನು ಗಲ್ಲಿಗೇರಿಸಿತು. ವಿಚಿತ್ರವೆಂದರೆ, ಈ ಸೈನ್ಯ ಕೊಡುವ ಪದ್ಧತಿಯನ್ನು ಮುಂದೆ ಟೀಕಿಸಿದವರಲ್ಲಿ ಮನ್ರೋನೇ ಮುಖ್ಯ. 1817ರಲ್ಲಿ ಗವರ್ನರ್ ಜನರಲ್‌ಗೆ ಬರೆದ ಕಾಗದದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಹೊರಗಿನ ಸೈನ್ಯದ ಆಸರೆ ಸಿಕ್ಕ ದೊರೆಗೆ ಪ್ರಜೆಗಳ ಭಯವೂ ಇರುವುದಿಲ್ಲ, ನೆರೆಯವರ ಭಯವೂ ಇರುವುದಿಲ್ಲ, ಆಡಳಿತ ಕೊಳೆಯುತ್ತದೆ, ಜನ ಬಡವಾಗುತ್ತಾರೆ. ಅದೇ ಮನ್ರೋ ಮದ್ರಾಸಿನ ಗವರ್ನರನಾಗಿ ಪ್ರವಾಸ ಬಂದಾಗ 1827ರ ಜುಲೈ 6ರಂದು ನಮ್ಮ ಪಕ್ಕದ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಇವತ್ತಿನ ಲೋಕದಲ್ಲಿ ಸೈನ್ಯಕ್ಕೆ ತಾಲೂಕು ಬರೆದುಕೊಡುವುದಿಲ್ಲ, ಆದರೆ ಪ್ರಶ್ನೆಗಳು ಅವೇ. 1994ರಲ್ಲಿ ಉಕ್ರೇನ್ ಬುಡಾಪೆಸ್ಟಿನಲ್ಲಿ ಅಮೆರಿಕ, ಬ್ರಿಟನ್, ರಷ್ಯಾಗಳಿಂದ ಭರವಸೆ ಪಡೆದು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟಿತು. 2014ರಲ್ಲಿ, ಮತ್ತೆ 2022ರಲ್ಲಿ, ಭರವಸೆ ಕೊಟ್ಟವರಲ್ಲೇ ಒಬ್ಬರು ನುಗ್ಗಿದರು. ದಕ್ಷಿಣ ಕೊರಿಯಾದಲ್ಲಿ ಸುಮಾರು 28,500 ಅಮೆರಿಕನ್ ಸೈನಿಕರಿದ್ದಾರೆ, ಖರ್ಚಿನಲ್ಲಿ ಕೊರಿಯಾ ಪಾಲು ಕೊಡುತ್ತದೆ. ಶಾಂತಿಕಾಲದಲ್ಲಿ ತನ್ನ ಸೈನ್ಯವನ್ನು ನಡೆಸುವ ಅಧಿಕಾರವನ್ನು ಅದು 1994ರಲ್ಲಿ ಮರಳಿ ಪಡೆಯಿತು. ಯುದ್ಧಕಾಲದ ಅಧಿಕಾರದ ಬಗ್ಗೆ ವರ್ಷಗಳಿಂದ ಮಾತುಕತೆ ನಡೆದೇ ಇದೆ. ಕೊರಿಯಾ ಪ್ರಜಾಪ್ರಭುತ್ವ, ಅಲ್ಲಿನ ಜನ ಮತ ಹಾಕಿ ಬೇಡ ಎನ್ನಬಹುದು. ನಿಜಾಮನ ಪ್ರಜೆಗಳಿಗೆ ಅದು ಇರಲಿಲ್ಲ. ಈ ವ್ಯತ್ಯಾಸವನ್ನು ಮರೆತು ಹೋಲಿಸಿದರೆ ಅನ್ಯಾಯವಾಗುತ್ತದೆ.

ನಮ್ಮ ದೇಶವೂ ರಷ್ಯಾದಿಂದ ಕ್ಷಿಪಣಿ ವ್ಯವಸ್ಥೆ, ಫ್ರಾನ್ಸ್‌ನಿಂದ ರಫೇಲ್ ಎಂದು ಹಲವರಿಂದ ಕೊಳ್ಳುತ್ತದೆ, ಒಬ್ಬನೇ ಅಂಗಡಿಯವನಿಗೆ ಕಟ್ಟುಬೀಳಬಾರದು ಎಂದು. ತಾನೇ ಮಾಡಿಕೊಳ್ಳುವ ಪ್ರಯತ್ನವೂ ಇದೆ. 2025ರ ಏಪ್ರಿಲ್ 13ರಂದು ನಮ್ಮದೇ ಕರ್ನೂಲಿನ ಬಳಿಯ ಡಿಆರ್‌ಡಿಒ ಪರೀಕ್ಷಾ ಬಯಲಿನಲ್ಲಿ ಲೇಸರ್ ಕಿರಣದಿಂದ ಡ್ರೋನ್ ಹೊಡೆದುರುಳಿಸಿದ ಸುದ್ದಿ ನೀವೂ ನೋಡಿರುತ್ತೀರಿ. ಅದರ ಜೊತೆಗೆ ಈ ಸುದ್ದಿಯನ್ನೂ ಓದಿ. ಬೆಂಗಳೂರಿನ ಎಚ್‌ಎಎಲ್‌ಗೆ 2021ರಲ್ಲಿ 83 ತೇಜಸ್ ವಿಮಾನಗಳ ಗುತ್ತಿಗೆ ಸಿಕ್ಕಿತು. ವಿಮಾನ ನಮ್ಮದು, ಎಂಜಿನ್ ಅಮೆರಿಕದ್ದು. ಆ ವರ್ಷ ಕೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ.