ಬೇಳೆ ಬೇಯದ ನೀರು

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಜಾಹೀರಾತು ಓದಿದರೆ ಬಾಡಿಗೆ, ಅಡ್ವಾನ್ಸ್, ಪಾರ್ಕಿಂಗ್ ಜೊತೆಗೆ ಇನ್ನೊಂದು ಮಾತು ಸಿಗುತ್ತದೆ: ‘ಕಾವೇರಿ ಮತ್ತು ಬೋರ್ ನೀರು’. ಒಂದೇ ಮನೆಗೆ ಎರಡು ಬಗೆಯ ನೀರು. ಅಡುಗೆಮನೆಯ ನಲ್ಲಿಗೆ ಕಾವೇರಿ, ಬಚ್ಚಲಿಗೂ ಬಟ್ಟೆ ಒಗೆಯುವ ಕಲ್ಲಿಗೂ ಬೋರ್. ಈ ವಿಂಗಡಣೆಯ ಹಿಂದೆ ಊರಿನ ನೂರಿಪ್ಪತ್ತು ವರ್ಷಗಳ ಕಥೆ ಇದೆ.

ನೀರಿಗೆ ಜಾತಿ ಮಾಡುವುದು ನಲ್ಲಿ ಬಂದ ಮೇಲೆ ಶುರುವಾದದ್ದಲ್ಲ. ಸಿಹಿನೀರಿನ ಬಾವಿ, ಸವಳು ನೀರಿನ ಬಾವಿ ಎಂಬ ಭೇದ ಹಳೆಯದು. ಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಎಷ್ಟು ಸೌದೆ ಉರಿಸಿದರೂ ಕಾಳು ಕಲ್ಲಾಗಿಯೇ ಉಳಿದರೆ ಗಡಸು ನೀರು. ಇದು ಹೆಂಗಸರ ಪರೀಕ್ಷೆ, ಮತ್ತು ಸರಿಯಾದ ಪರೀಕ್ಷೆ. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ನಡುವಿನ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಹುಳಿಯೂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಣಸೆರಸ ಹಾಕುವ ಕ್ರಮಕ್ಕೆ ಇದೇ ಕಾರಣ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ಎಂಬುದೂ ಅನುಭವದಿಂದ ಬಂದ ರಸಾಯನಶಾಸ್ತ್ರವೇ.

ಪ್ರಯೋಗಾಲಯದ ಪರೀಕ್ಷೆಯೂ ಬಚ್ಚಲಿನಿಂದಲೇ ಬಂದದ್ದು. ಸ್ಕಾಟ್ಲೆಂಡಿನ ಅಬರ್ಡೀನ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್, ನೀರಿಗೆ ಸಾಬೂನಿನ ದ್ರಾವಣ ಬೆರೆಸಿ ಕುಲುಕಿ, ನೊರೆ ನಿಲ್ಲಲು ಎಷ್ಟು ಸಾಬೂನು ಬೇಕೆಂದು ನೋಡಿ ಗಡಸುತನ ಅಳೆದ. ಗಡಸು ನೀರಿಗೆ ಸುಣ್ಣ ಹಾಕಿ ಸುಣ್ಣವನ್ನೇ ತೆಗೆಯುವ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದವನೂ ಅವನೇ.

ಬೆಂಗಳೂರಿಗೆ ಕೊಳವೆ ನೀರು ಬಂದದ್ದು 1896ರಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನೀರು ಊರಿಗೆ ಹರಿಯಿತು. ಅಲ್ಲಿಯವರೆಗೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಮತ್ತು ಬಾವಿಗಳೇ ಗತಿ. ಹೆಸರಘಟ್ಟ ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ. ಇವೆಲ್ಲ ಮೇಲ್ಮೈ ನೀರು. ಮಳೆ ಬಿದ್ದು ಹರಿದು ಬಂದದ್ದು, ಬಂಡೆಯೊಳಗೆ ಹೆಚ್ಚು ಕಾಲ ತಂಗದೆ ಬಂದದ್ದು, ಆದ್ದರಿಂದ ಮೆದು.

ಊರು ಮಾತ್ರ ಕೊಳವೆಗಿಂತ ಬೇಗ ಬೆಳೆಯಿತು. ಹೊಸ ಬಡಾವಣೆಗಳಿಗೆ ಕಾವೇರಿ ಬರುವ ಮೊದಲೇ ಕೊರೆಯುವ ಲಾರಿ ಬಂತು. ಬೆಂಗಳೂರಿನ ಅಡಿಯಲ್ಲಿರುವುದು ಗ್ರಾನೈಟು, ನೈಸ್ ಶಿಲೆ. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತ ನೀರು ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಆ ನೀರು ಮನೆಗೆ ಹತ್ತಿದ ಮೇಲೆ ಏನೇನಾಯಿತು ಎಂಬುದು ಯಾವ ಯೋಜನಾ ವರದಿಯಲ್ಲೂ ಇರಲಿಕ್ಕಿಲ್ಲ. ಸ್ಟೀಲ್ ಲೋಟ ತೊಳೆದಿಟ್ಟರೆ ಬಿಳಿ ಚುಕ್ಕೆ. ಶವರಿನ ತೂತು ಒಂದೊಂದಾಗಿ ಮುಚ್ಚಿಕೊಳ್ಳುತ್ತದೆ. ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಕೂತು, ಅದೇ ಬಿಸಿನೀರಿಗೆ ಹೆಚ್ಚು ಕರೆಂಟು. ನೀರು ಕಾದಾಗ ಬೈಕಾರ್ಬನೇಟು ಒಡೆದು ಕಾರ್ಬನೇಟಾಗಿ ತಳ ಹಿಡಿಯುವುದೇ ಇದು. ಹಳೆಯ ಹಂಡೆಯ ಒಳಗಿನ ಬಿಳಿ ಚಕ್ಕೆಯೂ ಅದೇ, ಒಲೆ ಮಾತ್ರ ಬೇರೆ.

ಎಲ್ಲಕ್ಕಿಂತ ಹೆಚ್ಚು ಸೋತದ್ದು ಸಾಬೂನು. ಗಡಸು ನೀರಿನಲ್ಲಿ ಅದು ನೊರೆಯಾಗುವ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನಂತೆ ಒಡೆಯುತ್ತದೆ. ಆ ಜಿಡ್ಡೇ ಬಕೆಟ್ಟಿನ ಅಂಚಿನ ಬೂದು ಗೆರೆ, ಬಿಳಿ ಪಂಚೆಯ ಮಂಕು ಬಣ್ಣ, ಕೂದಲಿನ ಒರಟು. ಸೀಗೆಕಾಯಿ, ಅಂಟವಾಳಗಳಿಗೆ ಈ ತೊಂದರೆ ಇಲ್ಲ, ಅವುಗಳ ನೊರೆ ಬೇರೆ ಜಾತಿಯದು. ಅಗಸರು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿರುವ ಸೋಡಾ ನೀರಿನ ಗಡಸನ್ನೇ ಮೊದಲು ತೆಗೆಯುತ್ತಿತ್ತು. ಭಾರತಕ್ಕೆ 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾ ಬಂದು ಬಾರ್ ಸಾಬೂನನ್ನು ಒಗೆಯುವ ಕಲ್ಲಿನಿಂದ ಹಿಂದೆ ಸರಿಸಿದ್ದಕ್ಕೆ ಬೆಲೆ, ಜಾಹೀರಾತುಗಳ ಮಾತೇ ಎಲ್ಲರೂ ಆಡುತ್ತಾರೆ. ಡಿಟರ್ಜೆಂಟ್ ಗಡಸು ನೀರಲ್ಲೂ ಒಡೆಯುವುದಿಲ್ಲ ಎಂಬುದು ರಟ್ಟೆ ಸೋತ ಹೆಂಗಸರಿಗೆ ಗೊತ್ತಿತ್ತು.

ಕೂದಲು ಉದುರುವ ತಪ್ಪನ್ನೆಲ್ಲ ಬೋರ್ ನೀರಿನ ತಲೆಗೆ ಕಟ್ಟುವ ವಾಡಿಕೆ ಇದೆ. ಅಷ್ಟು ಅಪರಾಧ ಅದು ಮಾಡಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಆಗಬಹುದು. ಕ್ಯಾಲ್ಸಿಯಂ ವಿಷವಲ್ಲ. ನಿಜವಾದ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಪಾವಗಡದಂಥ ಕಡೆ ಹಲ್ಲು, ಮೂಳೆ ಕೆಡಿಸಿದ್ದು ಫ್ಲೋರೈಡ್, ಮತ್ತು ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಕಡಿಮೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ನೊರೆ ಚೆನ್ನಾಗಿ ಬರುವ ನೀರೇ ಮಕ್ಕಳ ಹಲ್ಲಿಗೆ ಕಲೆ ಹಚ್ಚಬಹುದು. ಇಲ್ಲಿ ಮಾತ್ರ ಹೆಂಗಸರ ಹಳೆಯ ಪರೀಕ್ಷೆ ಕೈಕೊಡುತ್ತದೆ.

ಉಳ್ಳವರು ಇದಕ್ಕೆಲ್ಲ ಯಂತ್ರದ ಪರಿಹಾರ ಕಂಡುಕೊಂಡರು. ಅಪಾರ್ಟ್‌ಮೆಂಟಿಗೆ ಸಾಫ್ಟ್‌ನರ್, ಅಡುಗೆಮನೆಗೆ ಆರ್‌ಓ. ಸಾಫ್ಟ್‌ನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಅದನ್ನು ತೊಳೆದ ಉಪ್ಪುನೀರು ಚರಂಡಿಗೆ. ಮನೆಯ ಆರ್‌ಓ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಹೊರಗೆ ಚೆಲ್ಲುತ್ತದೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಇಲ್ಲದವರು ಕೊಡ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಂತು, ನಾಣ್ಯ ಹಾಕಿ 20 ಲೀಟರ್ ತಂದರು. ಸ್ನಾನಕ್ಕೆ, ಬಟ್ಟೆಗೆ ಗಡಸು ನೀರೇ.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಹದಿನೇಳು ವರ್ಷದ ನಂತರ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದ್ದವು. ಗಡಸು ನೀರನ್ನು ಬೈಯುತ್ತಿದ್ದವರೇ ಅದರ ಟ್ಯಾಂಕರ್ ಯಾವಾಗ ಬರುತ್ತದೆಂದು ಗೇಟಿನ ಬಳಿ ಕಾಯುತ್ತಿದ್ದರು.