ರೆಸಿನ್ ತೊಳೆದ ಆಲ್ಕೋಹಾಲ್‌ಗೆ ಮರುಬಳಕೆ

1983ರಲ್ಲಿ ಕ್ಯಾಲಿಫೋರ್ನಿಯಾದ ಚಕ್ ಹಲ್, ದ್ರವ ರೆಸಿನ್ನನ್ನು ಅತಿನೇರಳೆ ಬೆಳಕಿನಿಂದ ಪದರ ಪದರವಾಗಿ ಗಟ್ಟಿಗೊಳಿಸಿ, ಕಣ್ಣು ತೊಳೆಯುವ ಪುಟ್ಟ ಬಟ್ಟಲೊಂದನ್ನು ಮುದ್ರಿಸಿದರು. ಈ ವಿಧಾನಕ್ಕೆ 1986ರಲ್ಲಿ ಪೇಟೆಂಟ್ ಸಿಕ್ಕಿತು. ನಗೋಯಾದ ಹಿಡಿಯೊ ಕೊಡಾಮಾ ಅದಕ್ಕೂ ಮೊದಲೇ ಇದೇ ಹಾದಿ ಹಿಡಿದಿದ್ದರು. ಅವರಿಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ.

2012ರಲ್ಲಿ ಫಾರ್ಮ್‌ಲ್ಯಾಬ್ಸ್ ಕಂಪನಿ ಹೀಗೆ ಮುದ್ರಿಸುವ 3ಡಿ ಯಂತ್ರವನ್ನು ಮೇಜಿನ ಮೇಲಿಡುವಷ್ಟು ಚಿಕ್ಕದಾಗಿಸಿತು. ಜತೆಗೆ ಮುದ್ರಿಸಿದ ವಸ್ತುವನ್ನು ತೊಳೆಯುವ ಕೆಲಸವೂ ಮನೆಗೆ ಬಂತು.

ಆ ವಸ್ತುವಿಗೆ ಅಂಟಿದ ಹಸಿ ರೆಸಿನ್ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬರಬರುತ್ತಾ ಮಬ್ಬಾಗುತ್ತದೆ. ಅದನ್ನು ಚರಂಡಿಗೆ ಸುರಿಯಲೇಬಾರದು, ಜಲಚರಗಳಿಗೆ ಅದು ವಿಷ. ಕೈಗವಸು ತೊಟ್ಟು, ಬೆಂಕಿಯಿಂದ ದೂರ, ಮುಚ್ಚಳವಿರುವ ಪಾರದರ್ಶಕ ಜಾಡಿಯಲ್ಲಿ ಬಿಸಿಲಿಗಿಟ್ಟರೆ ಕರಗಿದ ರೆಸಿನ್ ಹೆಪ್ಪುಗಟ್ಟಿ, ಲೋಳೆಯಂಥ ಗಸಿಯಾಗಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಸೋಸಿ ಮೊದಲ ತೊಳೆತಕ್ಕೆ ಬಳಸಬಹುದು. ಕೊನೆಯ ತೊಳೆತಕ್ಕೆ ಮಾತ್ರ ಹೊಸದೇ ಬೇಕು.